ಆಳ ಹಿಮ, ಜಾರುವ ಮಂಜುಗಡ್ಡೆ: ಫೋರ್ ಬೈ ಫೋರ್ ಓಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲದಲ್ಲಿ ಹಿಮಾಚಲದ ಮನಾಲಿ, ಲಾಹೌಲ್, ಸ್ಪಿತಿ ಕಡೆಗೆ ಗಾಡಿ ತೆಗೆದುಕೊಂಡು ಹೋಗುವ ನಮ್ಮವರು ಈಗ ಜಾಸ್ತಿ ಆಗಿದ್ದಾರೆ. ಹೊರಡುವ ಮುಂಚೆ ಫೋನ್ ಮಾಡುತ್ತಾರೆ, ಪತ್ರ ಬರೆಯುತ್ತಾರೆ, ಚಹಾ ಕುಡಿಯುತ್ತಾ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಅವರು ಕೇಳಿದ ಮಾತಲ್ಲೇ ಬರೆದಿದ್ದೇನೆ.

## ಮೊದಲ ಪ್ರಶ್ನೆಗಳು

ನನ್ನ ಹತ್ರ ಫೋರ್ ಬೈ ಫೋರ್ ಇದೆ. ಹಿಮದಲ್ಲಿ ಇನ್ನೇನು ಭಯ?

ಭಯ ಇರಬೇಕು. ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ವ್ಯವಸ್ಥೆ, ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕ್ ಎಲ್ಲಾ ಗಾಡಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ, ಆ ವಿಷಯದಲ್ಲಿ ನಿಮ್ಮ ಥಾರ್‌ಗೂ ಪಕ್ಕದ ಆಲ್ಟೊಗೂ ವ್ಯತ್ಯಾಸ ಇಲ್ಲ. ನಿಲ್ಲಿಸುವುದು ಟೈರ್ ಮತ್ತು ನೆಲದ ನಡುವಿನ ಹಿಡಿತ ಮಾತ್ರ.

ಲೆಕ್ಕ ನೋಡಿ. ಸಮತಟ್ಟು ರಸ್ತೆ, ವೇಗ ಗಂಟೆಗೆ 40 ಕಿ.ಮೀ. ಒಣ ಡಾಂಬರಿನಲ್ಲಿ ಬ್ರೇಕ್ ಒತ್ತಿದ ಮೇಲೆ ಸುಮಾರು 9 ಮೀಟರ್‌ನಲ್ಲಿ ನಿಲ್ಲುತ್ತೀರಿ. ತುಳಿದು ಗಟ್ಟಿಯಾದ ಹಿಮದಲ್ಲಿ ಸುಮಾರು 30 ಮೀಟರ್ ಬೇಕು. ಮಂಜುಗಡ್ಡೆ ಮೇಲೆ 60 ಮೀಟರ್ ದಾಟುತ್ತದೆ. ಅದೇ ಮಂಜುಗಡ್ಡೆ ಮೇಲೆ 20ರಲ್ಲಿ ಹೋಗುತ್ತಿದ್ದರೆ 16 ಮೀಟರ್ ಸಾಕು. ವೇಗ ಅರ್ಧ ಆದರೆ ದೂರ ಕಾಲು ಭಾಗ ಆಗುತ್ತದೆ. ಎರಡೇ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಕಾರು ಹೊರಡುವಾಗಲೇ ಜಾರಿ ಎಚ್ಚರಿಕೆ ಕೊಡುತ್ತದೆ. ಫೋರ್ ಬೈ ಫೋರ್ ಆ ಎಚ್ಚರಿಕೆ ಕೊಡದೆ ಆರಾಮಾಗಿ ವೇಗ ಹಿಡಿಯುತ್ತದೆ, ಮೊದಲ ತಿರುವು ಬರುವವರೆಗೂ ನೆಲ ಎಷ್ಟು ಜಾರುತ್ತಿದೆ ಅಂತ ನಿಮಗೆ ಗೊತ್ತೇ ಆಗುವುದಿಲ್ಲ.

ಜಾಗ ಇರುವ ಕಡೆ, ಹಿಂದೆ ಮುಂದೆ ಯಾರೂ ಇಲ್ಲದಾಗ, ನಡೆಯುವ ವೇಗದಲ್ಲಿ ಒಮ್ಮೆ ಬ್ರೇಕ್ ಒತ್ತಿ ನೋಡಿ. ಆ ದಿನದ ನೆಲ ಹೇಗಿದೆ ಅಂತ ಕಾಲಿಗೇ ಗೊತ್ತಾಗುತ್ತದೆ.

ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದ ಕೆಸರಲ್ಲಿ ವರ್ಷಗಟ್ಟಲೆ ಓಡಿಸಿದೀನಿ. ಹಿಮ ಅದಕ್ಕಿಂತ ಕಷ್ಟನಾ?

ಕಷ್ಟ ಅನ್ನುವುದಕ್ಕಿಂತ ಬೇರೆ ಅನ್ನಬೇಕು. ತೋಟದ ದಾರಿಯಲ್ಲಿ ಕಲಿತದ್ದರಲ್ಲಿ ಅರ್ಧ ಅಲ್ಲೂ ಕೆಲಸಕ್ಕೆ ಬರುತ್ತದೆ: ಗೇರ್ ಮುಂಚೆಯೇ ಹಾಕಿಕೊಳ್ಳುವುದು, ಇಳಿದು ನಡೆದು ದಾರಿ ನೋಡುವುದು, ಎದುರು ಬರುವ ಗಾಡಿಗೆ ಕಾಯುವುದು. ಇನ್ನರ್ಧ ಮರೆಯಬೇಕು.

ಕೆಸರಲ್ಲಿ ಚಕ್ರ ಸ್ವಲ್ಪ ಜೋರಾಗಿ ತಿರುಗಿಸಿದರೆ ಟೈರ್ ಹಲ್ಲಿಗೆ ಮೆತ್ತಿದ ಮಣ್ಣು ಎರಚಿ ಹೋಗುತ್ತದೆ, ಕೆಳಗಿನ ಗಟ್ಟಿ ನೆಲ ಸಿಗುತ್ತದೆ, ಗಾಡಿ ಮೇಲೆ ಬರುತ್ತದೆ. ಮಲೆನಾಡಿನ ಜೀಪಿನವರಿಗೆ ಇದು ಕಾಲಿಗೇ ಹತ್ತಿದ ಅಭ್ಯಾಸ. ಹಿಮದಲ್ಲಿ ಹೀಗೆ ಮಾಡಿದರೆ ಚಕ್ರದ ಬಿಸಿಗೆ ಕೆಳಗಿನ ಹಿಮ ಕರಗಿ, ಕ್ಷಣದಲ್ಲಿ ಮತ್ತೆ ಗಟ್ಟಿಯಾಗಿ, ಸ್ಟೀಲ್ ತಟ್ಟೆ ಥರ ನುಣುಪಾಗುತ್ತದೆ. ಐದು ಸೆಕೆಂಡ್ ಆಕ್ಸಿಲರೇಟರ್ ಒತ್ತಿದರೆ ನಿಮ್ಮ ಗುಂಡಿಯನ್ನು ನೀವೇ ಪಾಲಿಶ್ ಮಾಡಿದ ಹಾಗೆ. ಚಕ್ರ ಸುಮ್ನೆ ತಿರುಗಲು ಶುರುವಾದ ತಕ್ಷಣ ಕಾಲು ಎತ್ತಿ.

ಇನ್ನೊಂದು, ಕೆಸರಲ್ಲಿ ಜಾರಿದ ಗಾಡಿ ಸ್ವಲ್ಪ ದೂರ ಹೋಗಿ ತಾನೇ ಹೂತು ನಿಲ್ಲುತ್ತದೆ. ಮಂಜುಗಡ್ಡೆ ಮೇಲೆ ಜಾರಿದ್ದು ಏನಾದರೂ ಅಡ್ಡ ಸಿಗುವವರೆಗೆ ನಿಲ್ಲುವುದಿಲ್ಲ. ಅಲ್ಲಿ ಅಡ್ಡ ಸಿಗುವುದು ಬಂಡೆ, ಇಲ್ಲಾಂದ್ರೆ ಕೆಳಗೆ ಸಟ್ಲೆಜ್.

ಚಳಿಗಾಲದಲ್ಲಿ ಯಾವ ದಾರಿ ತೆರೆದಿರುತ್ತೆ?

ಮನಾಲಿಯಿಂದ ಲಾಹೌಲ್‌ಗೆ ಈಗ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಇದೆ, 2020ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು. ಅದಕ್ಕೂ ಮುಂಚೆ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿ ಮುಚ್ಚಿದರೆ ಲಾಹೌಲ್ ಜನ ತಿಂಗಳುಗಟ್ಟಲೆ ಹೊರಜಗತ್ತಿನಿಂದ ದೂರ ಇರುತ್ತಿದ್ದರು. ಆದರೆ ಸುರಂಗ ಇದೆ ಅಂದ ಮಾತ್ರಕ್ಕೆ ದಾರಿ ತೆರೆದಿದೆ ಅಂತ ಅಲ್ಲ. ಸುರಂಗದ ಎರಡೂ ಬಾಯಿ 3,000 ಮೀಟರ್ ಮೇಲಿವೆ. ಹಿಮ ಬೀಳಲು ಶುರುವಾದರೆ ಮನಾಲಿ ಹತ್ತಿರದ ಸೋಲಂಗ್‌ನಿಂದ ಮೇಲಕ್ಕೆ ಪೊಲೀಸರು ಫೋರ್ ಬೈ ಫೋರ್ ಗಾಡಿಗಳನ್ನು ಮಾತ್ರ ಬಿಡುತ್ತಾರೆ, ಇನ್ನೂ ಜಾಸ್ತಿ ಬಿದ್ದರೆ ಯಾರನ್ನೂ ಬಿಡುವುದಿಲ್ಲ. 2024ರ ಡಿಸೆಂಬರ್ ಕೊನೆಯಲ್ಲಿ ಇದೇ ದಾರಿಯಲ್ಲಿ ನೂರಾರು ಗಾಡಿಗಳು ಸಿಕ್ಕಿಹಾಕಿಕೊಂಡಿದ್ದವು.

ಸ್ಪಿತಿಗಾದರೆ ಚಳಿಗಾಲದಲ್ಲಿ ಮನಾಲಿ ಕಡೆಯಿಂದ ದಾರಿ ಇಲ್ಲ, ನಡುವಿನ ಕುಂಜುಮ್ ಕಣಿವೆದಾರಿ ಮುಚ್ಚಿರುತ್ತದೆ. ಶಿಮ್ಲಾದಿಂದ ರಾಂಪುರ, ರೆಕಾಂಗ್ ಪಿಯೊ, ನಾಕೋ, ತಾಬೋ ಮೂಲಕ ಸ್ಪಿತಿಯ ಮುಖ್ಯ ಊರು ಕಾಜಾ ತಲುಪಬೇಕು, 400 ಕಿ.ಮೀ. ಮೀರಿದ ದಾರಿ. ಗಡಿ ರಸ್ತೆ ಸಂಸ್ಥೆಯವರು ಅಂದರೆ ಬಿಆರ್‌ಒ ಹಿಮ ತೆಗೆಯುತ್ತಲೇ ಇರುತ್ತಾರೆ, ಆದರೂ ನಾಕೋ ಹತ್ತಿರದ ಮಲಿಂಗ್ ನಾಲಾ (ನಾಲಾ ಅಂದರೆ ಬೆಟ್ಟದಿಂದ ಇಳಿಯುವ ಹಳ್ಳ) ಥರದ ಜಾಗದಲ್ಲಿ ಒಂದೆರಡು ದಿನ ಕಾಯಬೇಕಾಗಬಹುದು. ಪ್ಲಾನ್ ಮಾಡುವಾಗ ಎರಡು ದಿನ ಸುಮ್ನೆ ಖಾಲಿ ಬಿಟ್ಟುಕೊಳ್ಳಿ.

## ಹೊರಡುವ ಮುಂಚೆ

ಬೆಂಗಳೂರಿಂದ ಗಾಡಿ ತಗೊಂಡು ಹೋಗ್ತಿದ್ದೀವಿ. ಗ್ಯಾರೇಜಲ್ಲಿ ಏನೇನು ನೋಡಿಸ್ಬೇಕು?

ಮೊದಲು ಕೂಲೆಂಟ್. ನಮ್ಮ ಕಡೆ ಚಳಿ ಇಲ್ಲ, ಹಾಗಾಗಿ ಕಡಿಮೆ ಆದಾಗಲೆಲ್ಲ ನೀರು ಸುರಿಯುತ್ತಾ ಹೋಗಿರುತ್ತಾರೆ. ಬೆಂಗಳೂರಲ್ಲಿ ಅದರಿಂದ ಗಾಡಿ ನಿಲ್ಲುವುದಿಲ್ಲ. ಕಾಜಾದಲ್ಲಿ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದಾಗ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ರೇಡಿಯೇಟರ್ ಒಡೆಯುತ್ತದೆ, ಎಂಜಿನ್ ಬ್ಲಾಕೇ ಸೀಳಬಹುದು. ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧಕ್ಕರ್ಧ ಇದ್ದರೆ ಸುಮಾರು ಮೈನಸ್ 37ರವರೆಗೆ ಹೆಪ್ಪುಗಟ್ಟುವುದಿಲ್ಲ. ಹಳೆಯದನ್ನು ಪೂರ್ತಿ ತೆಗೆಸಿ ಹೊಸದು ಹಾಕಿಸಿ. ಬಾಯಿ ಮಾತು ನಂಬಬೇಡಿ, ಎದುರು ನಿಂತು ಹಾಕಿಸಿ.

ಎರಡನೆಯದು ಬ್ಯಾಟರಿ. ಮೈನಸ್ 18ರ ಹೊತ್ತಿಗೆ ಅದರ ಶಕ್ತಿ ಹೆಚ್ಚು ಕಡಿಮೆ ಅರ್ಧ ಆಗುತ್ತದೆ, ಅದೇ ಹೊತ್ತಿಗೆ ಎಂಜಿನ್ ಆಯಿಲ್ ಮಂದವಾಗಿ ಸ್ಟಾರ್ಟ್ ಮಾಡಲು ಜಾಸ್ತಿ ಶಕ್ತಿ ಕೇಳುತ್ತದೆ. ಮೂರು ನಾಲ್ಕು ವರ್ಷದ ಬ್ಯಾಟರಿ ಇದ್ದರೆ ಬದಲಿಸಿ. ಜಂಪರ್ ಕೇಬಲ್ ಒಯ್ಯಿರಿ. ವೈಪರ್ ತೊಟ್ಟಿಯಲ್ಲಿ ಬರೀ ನೀರು ಇರಬಾರದು, ಹೆಪ್ಪುಗಟ್ಟದ ದ್ರವ ಹಾಕಿಸಿ.

ಎಂಟಿ ಟೈರ್ ಹಾಕ್ಸಿದೀನಿ, ದೊಡ್ಡ ದೊಡ್ಡ ಹಲ್ಲು ಇದೆ. ಸಾಕಲ್ವಾ?

ಎಂಟಿ ಅಂದರೆ ಮಡ್ ಟೆರೇನ್, ಕೆಸರಿಗೆಂದು ಮಾಡಿದ ಟೈರ್. ಆಳವಾದ ಹೊಸ ಹಿಮದಲ್ಲಿ ಪರವಾಗಿಲ್ಲ. ಮಂಜುಗಡ್ಡೆ ಮೇಲೆ ಅದು ಸಾಮಾನ್ಯ ರಸ್ತೆ ಟೈರ್‌ಗಿಂತ ಕೆಟ್ಟದ್ದಾಗಬಹುದು. ಹಲ್ಲು ದೊಡ್ಡದು ಅಂದರೆ ನೆಲಕ್ಕೆ ತಾಗುವ ರಬ್ಬರ್ ಕಡಿಮೆ, ಮೇಲಾಗಿ ಆ ರಬ್ಬರ್ ಗಟ್ಟಿ. ಸಾಮಾನ್ಯ ಟೈರ್ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತಾ ಹೋಗುತ್ತದೆ. ಮಂಜುಗಡ್ಡೆಗೆ ಬೇಕಾದದ್ದು ಮೆತ್ತನೆ ರಬ್ಬರ್ ಮತ್ತು ಹಲ್ಲುಗಳ ಮೇಲೆ ಬ್ಲೇಡಲ್ಲಿ ಕೊಯ್ದ ಹಾಗಿರುವ ಸಣ್ಣ ಸಣ್ಣ ಸೀಳುಗಳು.

ಟೈರ್ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಇದ್ದರೆ ಅದು ಹಿಮದಲ್ಲಿ ಪರೀಕ್ಷೆ ಪಾಸಾದ ಟೈರ್. ಬರೀ ‘ಎಂ ಪ್ಲಸ್ ಎಸ್’ ಅಂತ ಇದ್ದರೆ ಅದು ಹಲ್ಲಿನ ವಿನ್ಯಾಸದ ಬಗ್ಗೆ ಹೇಳಿದ್ದು ಅಷ್ಟೇ, ಪರೀಕ್ಷೆಯ ಗುರುತಲ್ಲ. ಆ ಬೆಟ್ಟದ ಗುರುತಿರುವ ಎಟಿ, ಅಂದರೆ ಎಲ್ಲಾ ಥರದ ದಾರಿಗೂ ಆಗುವ ಆಲ್ ಟೆರೇನ್ ಟೈರ್‌ಗಳೂ ಇವೆ. ನಮ್ಮವರಿಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ, ಏಕೆಂದರೆ ಹಿಮ ಸಿಗುವ ಮುಂಚೆ ಎರಡು ಸಾವಿರಕ್ಕೂ ಹೆಚ್ಚು ಕಿ.ಮೀ. ಬಿಸಿ ರಸ್ತೆ ಇದೆ.

ಡೀಸೆಲ್ ಹೆಪ್ಪುಗಟ್ಟುತ್ತೆ ಅಂತಾರೆ, ನಿಜನಾ? ಸೀಮೆಎಣ್ಣೆ ಬೆರೆಸಿದ್ರೆ ಸರಿ ಹೋಗುತ್ತಂತೆ?

ನಿಜ. ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತದೆ. ಚಳಿಗೆ ಅದು ಹರಳಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಿ ಎರಡು ನಿಮಿಷಕ್ಕೆ ನಿಂತುಬಿಡುತ್ತದೆ. ಇದಕ್ಕೆಂದೇ ಇಂಡಿಯನ್ ಆಯಿಲ್‌ನವರು ಮೈನಸ್ 33ರವರೆಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು 2019ರ ನವೆಂಬರ್‌ನಲ್ಲಿ ಲಡಾಖ್‌ಗೆ ತಂದರು. ಬೇರೆ ಕಡೆ ಹೋಗುವವರು ಮೇಲಿನ ಬಂಕ್‌ಗಳಲ್ಲಿ ಚಳಿಗಾಲದ ಡೀಸೆಲ್ ಇದೆಯಾ ಅಂತ ಕೇಳಿ ತುಂಬಿಸಿ. ಹೆಪ್ಪುಗಟ್ಟದಂತೆ ಬೆರೆಸುವ ದ್ರವ ಸಿಗುತ್ತದೆ, ಅದನ್ನು ಡೀಸೆಲ್ ಇನ್ನೂ ಬೆಚ್ಚಗಿರುವಾಗಲೇ ಹಾಕಬೇಕು. ಹೆಪ್ಪುಗಟ್ಟಿದ ಮೇಲೆ ಹಾಕಿದರೆ ಪ್ರಯೋಜನ ಇಲ್ಲ.

ಸೀಮೆಎಣ್ಣೆ ಹಳೇ ಲಾರಿಗಳ ಕಾಲದ ಉಪಾಯ. ಈಗಿನ ಕಾಮನ್ ರೈಲ್ ಎಂಜಿನ್‌ನ ಪಂಪಿಗೆ ಡೀಸೆಲ್ಲೇ ಗ್ರೀಸ್ ಇದ್ದ ಹಾಗೆ. ಸೀಮೆಎಣ್ಣೆ ಬೆರೆಸಿದರೆ ಅದು ಒಣಗಿ ಸವೆಯುತ್ತದೆ. ಬೇಡ.

## ದಾರಿಯಲ್ಲಿ

ಫೋರ್ ಹೈ ಯಾವಾಗ, ಫೋರ್ ಲೋ ಯಾವಾಗ?

ಫೋರ್ ಹೈ ಅಂದರೆ ನಾಲ್ಕು ಚಕ್ರಕ್ಕೂ ಶಕ್ತಿ, ಮಾಮೂಲಿ ವೇಗ. ಫೋರ್ ಲೋ ಅಂದರೆ ಅದೇ ನಾಲ್ಕಕ್ಕೂ, ವೇಗ ಕಡಿಮೆ, ಎಳೆತ ಜಾಸ್ತಿ. ಹಿಮ ಶುರುವಾಗುವ ಮುಂಚೆಯೇ ಫೋರ್ ಹೈ. ಸಿಕ್ಕಿಬಿದ್ದ ಮೇಲೆ ಹಾಕುವುದು ತಡವಾದ ಬುದ್ಧಿ. ಕಡಿದಾದ ಇಳಿಜಾರು, ಆಳದ ಹಿಮ, ತೀರಾ ನಿಧಾನವಾಗಿ ಹೋಗಬೇಕಾದ ಜಾಗ ಬಂದರೆ ಗಾಡಿ ನಿಲ್ಲಿಸಿ ಫೋರ್ ಲೋ. ಥಾರ್, ಜಿಮ್ನಿ, ಗೂರ್ಖಾ ಥರದ ಗಾಡಿಗಳಲ್ಲಿ ಮುಂದಿನ, ಹಿಂದಿನ ಚಕ್ರಗಳ ನಡುವೆ ವೇಗದ ವ್ಯತ್ಯಾಸಕ್ಕೆ ಅವಕಾಶ ಇಲ್ಲ. ಹಾಗಾಗಿ ಒಣ ಡಾಂಬರು ಬಂದರೆ ಮತ್ತೆ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಟೂ ಹೈಗೆ ಬನ್ನಿ, ಇಲ್ಲದಿದ್ದರೆ ತಿರುವಿನಲ್ಲಿ ಗೇರುಗಳು ಬಿಗಿದುಕೊಂಡು ಹಾಳಾಗುತ್ತವೆ. ಒಂದು ತಿರುವು ಬಿಸಿಲಲ್ಲಿ ಒಣಗಿ, ಮುಂದಿನದು ನೆರಳಲ್ಲಿ ಹಿಮ ಇರುವ ದಾರಿಯಲ್ಲಿ ಮಾತ್ರ ಫೋರ್ ಹೈನಲ್ಲೇ ನಿಧಾನ ಹೋಗುವುದು ಒಳ್ಳೆಯದು.

ಚೈನ್ ಒಂದೇ ಜೊತೆ ಇದೆ. ಮುಂದಿನ ಚಕ್ರಕ್ಕಾ, ಹಿಂದಿನದಕ್ಕಾ?

ಚೈನ್ ಅಂದರೆ ಹಿಮದಲ್ಲಿ ಹಿಡಿತಕ್ಕೆ ಟೈರ್ ಸುತ್ತ ಕಟ್ಟುವ ಸರಪಳಿ. ಸಾಧ್ಯವಿದ್ದರೆ ಎರಡು ಜೊತೆ ಒಯ್ದು ನಾಲ್ಕಕ್ಕೂ ಹಾಕಿ. ಒಂದೇ ಜೊತೆ ಅಂದರೆ ಗಾಡಿಯ ಮ್ಯಾನ್ಯುಯಲ್ ಏನು ಹೇಳುತ್ತದೋ ಅದು. ಕೆಲವು ಗಾಡಿಗಳಲ್ಲಿ ಮುಂದೆ ಚೈನಿಗೆ ಜಾಗವೇ ಇರುವುದಿಲ್ಲ, ಬ್ರೇಕ್ ಪೈಪಿಗೆ ತಾಗುತ್ತದೆ. ಮುಂದೆ ಮಾತ್ರ ಹಾಕಿ ಇಳಿದರೆ ಮುಂಭಾಗ ಕಚ್ಚಿ ಹಿಡಿದು ಹಿಂಭಾಗ ಸುತ್ತಿಕೊಂಡು ಮುಂದೆ ಬರುತ್ತದೆ. ಹಿಂದೆ ಮಾತ್ರ ಹಾಕಿದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗಬಹುದು. ಎರಡರ ತೊಂದರೆಯೂ ಗೊತ್ತಿರಲಿ.

ಊರಲ್ಲೇ ಮನೆ ಮುಂದೆ ಎರಡು ಸಲ ಹಾಕಿ ತೆಗೆದು ಅಭ್ಯಾಸ ಮಾಡಿ, ಒಂದು ಸಲ ಕೈಗವಸು ಹಾಕಿಕೊಂಡು, ಟಾರ್ಚ್ ಬೆಳಕಲ್ಲಿ. ಹಾಕಿ ಒಂದೆರಡು ನೂರು ಮೀಟರ್ ಹೋದ ಮೇಲೆ ಇಳಿದು ಮತ್ತೆ ಬಿಗಿ ಮಾಡಿ. ಚೈನ್ ಹಾಕಿದ ಮೇಲೆ 30, 40ರ ಮೇಲೆ ಹೋಗಬೇಡಿ.

ಟೈರ್ ಗಾಳಿ ಎಷ್ಟು ಇಳಿಸ್ಬೇಕು?

ಆಳದ ಮೆತ್ತನೆ ಹಿಮ ಇದ್ದರೆ 18–20 ಪಿಎಸ್‌ಐಗೆ ಇಳಿಸಿ. ಟೈರ್ ಅಗಲವಾಗಿ ಹರಡಿ ಹಿಮದ ಮೇಲೆ ತೇಲುತ್ತದೆ. ಗಟ್ಟಿ ಹಿಮ, ಮಂಜುಗಡ್ಡೆ ಇರುವ ರಸ್ತೆಯಲ್ಲಿ ಇಳಿಸುವುದು ಬೇಡ, ಕಂಪನಿ ಹೇಳಿದಷ್ಟೇ ಇರಲಿ. ಚಳಿಗೆ ಗಾಳಿ ತಾನೇ ಇಳಿಯುತ್ತದೆ, ಸುಮಾರು ಐದೂವರೆ ಡಿಗ್ರಿಗೆ ಒಂದು ಪಿಎಸ್‌ಐ. ದಿನಾ ಬೆಳಿಗ್ಗೆ ಹೊರಡುವ ಮುಂಚೆ ನೋಡಿ. ಗಾಳಿ ತುಂಬುವ ಪಂಪ್ ಇಲ್ಲದೆ ಇಳಿಸಲೇಬೇಡಿ.

ಕಣ್ಣಿಗೆ ಕಾಣದ ಐಸ್ ಇರುತ್ತಂತಲ್ಲ, ಅದನ್ನ ಹೇಗೆ ಕಂಡುಹಿಡಿಯೋದು?

ಬಿಳಿ ಹಿಮಕ್ಕಿಂತ ಇದಕ್ಕೇ ಹೆದರಬೇಕು. ಗಾಜಿನಂಥ ತೆಳು ಪದರ, ಕೆಳಗಿನ ಡಾಂಬರು ಹಾಗೇ ಕಾಣುತ್ತದೆ, ರಸ್ತೆ ಬರೀ ಒದ್ದೆ ಅನ್ನಿಸುತ್ತದೆ. ಇದು ಎಲ್ಲಿ ಇರುತ್ತದೆ ಅಂತ ಊಹಿಸಬಹುದು. ಬಿಸಿಲು ಬೀಳದ ತಿರುವು. ಸೇತುವೆ, ಏಕೆಂದರೆ ಅದಕ್ಕೆ ಕೆಳಗಿನಿಂದಲೂ ಚಳಿಗಾಳಿ. ಬೆಟ್ಟದ ಝರಿ ರಸ್ತೆ ದಾಟುವ ಜಾಗ. ಮಧ್ಯಾಹ್ನ ಕರಗಿದ ನೀರು ಸಂಜೆ ಬಿಸಿಲು ಹೋದ ಅರ್ಧ ಗಂಟೆಯಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಬೆಳಿಗ್ಗೆ ಹತ್ತರ ಮೇಲೆ ಹೊರಟು ಮಧ್ಯಾಹ್ನ ಮೂರರೊಳಗೆ ಊರು ಸೇರಿ.

ಸುತ್ತ ಎಲ್ಲಾ ಹೆಪ್ಪುಗಟ್ಟಿದೆ, ರಸ್ತೆ ಮಾತ್ರ ಹೊಳೆಯುತ್ತಿದೆ, ಆದರೆ ಮುಂದಿನ ಗಾಡಿ ನೀರು ಎರಚುತ್ತಿಲ್ಲ. ಅದು ಮಂಜುಗಡ್ಡೆ. ಟೈರ್ ಸದ್ದು ಇದ್ದಕ್ಕಿದ್ದಂತೆ ನಿಂತು ಸ್ಟೀರಿಂಗ್ ಹಗುರ ಆದರೆ ನೀವು ಆಗಲೇ ಅದರ ಮೇಲಿದ್ದೀರಿ. ಆಗ ಬ್ರೇಕ್ ಬೇಡ, ಸ್ಟೀರಿಂಗ್ ಅಲುಗಿಸುವುದು ಬೇಡ, ಕಾಲು ಮೆಲ್ಲಗೆ ಎತ್ತಿ ದಾಟಿ.

ಇಳಿಜಾರಲ್ಲಿ ಜಾರೋಕೆ ಶುರು ಆದ್ರೆ ಏನ್ ಮಾಡ್ಲಿ?

ಜಾರುವ ಮುಂಚೆ ಮಾಡಬೇಕಾದದ್ದೇ ಮುಖ್ಯ, ಹಾಗಾಗಿ ಅದನ್ನು ಮೊದಲು ಹೇಳುತ್ತೇನೆ. ಹತ್ತು ಮೀಟರ್‌ಗೆ ಒಂದು ಮೀಟರ್ ಇಳಿಯುವ ರಸ್ತೆ ನೋಡಲು ದೊಡ್ಡ ಇಳಿಜಾರಲ್ಲ. ಆದರೆ ಅದರ ಮೇಲೆ ಮಂಜುಗಡ್ಡೆ ಇದ್ದರೆ ಟೈರ್‌ಗೆ ಸಿಗುವ ಹಿಡಿತ ಮತ್ತು ಗಾಡಿಯನ್ನು ಕೆಳಗೆ ಎಳೆಯುವ ಭಾರ ಸರಿಸಮ ಆಗುತ್ತವೆ. ಅಂದರೆ ಬ್ರೇಕ್ ಎಷ್ಟೇ ಒತ್ತಿದರೂ ಗಾಡಿ ನಿಲ್ಲುವುದಿಲ್ಲ, ಹೆಚ್ಚೆಂದರೆ ವೇಗ ಜಾಸ್ತಿ ಆಗುವುದಿಲ್ಲ ಅಷ್ಟೇ. ಅದಕ್ಕೇ ಇಳಿಜಾರಿನ ತುದಿಯಲ್ಲೇ ನಿಲ್ಲಿಸಿ ಫೋರ್ ಲೋ, ಒಂದನೇ ಗೇರ್ ಹಾಕಿ, ಕ್ಲಚ್‌ನಿಂದ ಕಾಲು ಪೂರ್ತಿ ತೆಗೆದು, ಎಂಜಿನ್ ಹಿಡಿತದಲ್ಲೇ ಇಳಿಯಬೇಕು. ಮುಂದಿನ ಗಾಡಿ ಪೂರ್ತಿ ಕೆಳಗೆ ಮುಟ್ಟುವವರೆಗೆ ಕಾಯಿರಿ. ಹಿಂದಿನವರು ಹಾರ್ನ್ ಹೊಡೆದರೂ ಕಾಯಿರಿ.

ಹಾಗೂ ಜಾರಿದರೆ, ಹಿಂಭಾಗ ಪಕ್ಕಕ್ಕೆ ಹೋಗುತ್ತಿದೆಯಾ? ಗಾಡಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಣ್ಣು ನೆಟ್ಟು ಸ್ಟೀರಿಂಗ್ ಆ ಕಡೆಗೇ ತಿರುಗಿಸಿ. ಕಣಿವೆ ನೋಡಿದರೆ ಕೈ ಕಣಿವೆ ಕಡೆಗೇ ಹೋಗುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಮುಂಭಾಗ ನೆಟ್ಟಗೆ ಹೋಗುತ್ತಿದೆಯಾ? ಇನ್ನೂ ಜಾಸ್ತಿ ತಿರುಗಿಸಬೇಡಿ. ಸ್ವಲ್ಪ ನೇರ ಮಾಡಿ, ಚಕ್ರಕ್ಕೆ ಹಿಡಿತ ಸಿಕ್ಕ ಮೇಲೆ ಮೆಲ್ಲಗೆ ತಿರುಗಿಸಿ. ಗೇರಲ್ಲಿರುವ ಚಕ್ರ ಎಂಜಿನ್ ಹಿಡಿತಕ್ಕೆ ಸಿಕ್ಕಿ ಗಾಡಿಗಿಂತ ನಿಧಾನ ತಿರುಗಿ ಜಾರುತ್ತಿದ್ದರೆ ಒಂಚೂರು ಆಕ್ಸಿಲರೇಟರ್ ಕೊಡಿ. ಇಳಿಯುವಾಗ ಆಕ್ಸಿಲರೇಟರ್ ಕೊಡಲು ಮನಸ್ಸು ಒಪ್ಪುವುದಿಲ್ಲ ಅಂತ ಗೊತ್ತು, ಆದರೆ ತಿರುಗುವ ಚಕ್ರ ಮಾತ್ರ ಸ್ಟೀರಿಂಗ್ ಮಾತು ಕೇಳುತ್ತದೆ. ಇನ್ನು ಉಳಿಯುವ ದಾರಿಯೇ ಇಲ್ಲ ಅಂದರೆ ಬೆಟ್ಟದ ಬದಿಗೆ ಹಿಮದ ರಾಶಿಗೆ ಗಾಡಿ ಒರಗಿಸಿ. ಬಂಪರ್ ಹೋದರೆ ಹೋಗಲಿ.

ಏರಿನ ಮಧ್ಯೆ ನಿಂತುಹೋದ್ರೆ?

ಗಾಡಿ ತಿರುಗಿಸಲು ಹೋಗಬೇಡಿ. ಅಡ್ಡ ನಿಂತ ಗಾಡಿ ಪಕ್ಕಕ್ಕೆ ಜಾರುತ್ತದೆ. ರಿವರ್ಸ್ ಗೇರ್ ಹಾಕಿ, ಕ್ಲಚ್ ಒತ್ತದೆ, ಬಂದ ಚಕ್ರದ ಗುರುತಲ್ಲೇ ನೆಟ್ಟಗೆ ಹಿಂದೆ ಇಳಿಯಿರಿ. ಮತ್ತೆ ಹೊರಡುವಾಗ ಎರಡನೇ ಗೇರಲ್ಲಿ, ಕೆಳಗಿನಿಂದಲೇ ಒಂದೇ ಸಮನೆ ವೇಗ ಹಿಡಿದು ಹತ್ತಿ.

ಎಬಿಎಸ್, ಇಎಸ್‌ಪಿ ಆಫ್ ಮಾಡ್ಬೇಕಾ?

ಓಡಿಸುವಾಗ ಬೇಡ. ಎಬಿಎಸ್ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ನೋಡುತ್ತದೆ, ಇಎಸ್‌ಪಿ ಗಾಡಿ ಅಡ್ಡ ಜಾರದಂತೆ ನೋಡುತ್ತದೆ. ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಕಾಲಿಗೆ ಗಡಗಡ ಅನ್ನುತ್ತದೆ, ಹೆದರಿ ಕಾಲು ತೆಗೆಯಬೇಡಿ. ಮೆತ್ತನೆ ಹಿಮದಲ್ಲಿ ಅದು ನಿಲ್ಲುವ ದೂರವನ್ನು ಸ್ವಲ್ಪ ಜಾಸ್ತಿ ಮಾಡಬಹುದು, ಆದರೆ ಸ್ಟೀರಿಂಗ್ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಹೂತು ನಿಂತಾಗ ಮಾತ್ರ ಇಎಸ್‌ಪಿ ಆಫ್ ಮಾಡಿ, ಹೊರಗೆ ಬಂದ ಮೇಲೆ ನೆನಪಿಟ್ಟು ಆನ್ ಮಾಡಿ.

ರಾತ್ರಿ ಗಾಡಿ ಹೇಗೆ ನಿಲ್ಲಿಸ್ಬೇಕು?

ಗೇರಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಒದ್ದೆ ಬ್ರೇಕ್ ಹೆಪ್ಪುಗಟ್ಟಿ ಬೆಳಿಗ್ಗೆ ಚಕ್ರ ಅಲುಗುವುದೇ ಇಲ್ಲ. ವೈಪರ್ ಎತ್ತಿ ನಿಲ್ಲಿಸಿ. ಬೆಳಿಗ್ಗೆ ಗಾಜಿನ ಮೇಲೆ ಬಿಸಿನೀರು ಸುರಿದರೆ ಗಾಜು ಒಡೆಯುತ್ತದೆ.

## ಸಿಕ್ಕಿಬಿದ್ದಾಗ

ಎಷ್ಟು ಆಳದ ಹಿಮದಲ್ಲಿ ಹೋಗ್ಬಹುದು? ಹೂತುಹೋದ್ರೆ ಹೊರಗೆ ಬರೋದು ಹೇಗೆ?

ಗಾಡಿ ಹೊಟ್ಟೆ ನೆಲದಿಂದ ಎಷ್ಟು ಎತ್ತರವೋ ಅಷ್ಟೇ ನಿಮ್ಮ ಮಿತಿ ಅಂದುಕೊಳ್ಳಿ. ಜಿಮ್ನಿಗೆ 210 ಮಿ.ಮೀ., ಮೂರು ಬಾಗಿಲಿನ ಥಾರ್‌ಗೆ 226, ಅಂದರೆ ಒಂದು ಗೇಣು. ಅದಕ್ಕಿಂತ ಜಾಸ್ತಿ ಆದರೆ ಹಿಮ ಹೊಟ್ಟೆ ಕೆಳಗೆ ಒತ್ತಿಕೊಂಡು ಗಾಡಿಯನ್ನೇ ಎತ್ತುತ್ತದೆ, ಚಕ್ರಗಳು ಗಾಳಿಯಲ್ಲಿ ತಿರುಗುತ್ತವೆ.

ಸಿಕ್ಕಿಕೊಂಡರೆ ಮೊದಲು ಎಂಜಿನ್ ಅಲ್ಲ, ಸಲಿಕೆ. ಹೊಟ್ಟೆ ಕೆಳಗಿನ ಹಿಮ ತೆಗೆಯಿರಿ, ಮುಖ್ಯವಾಗಿ ಮುಂದಿನ, ಹಿಂದಿನ ಆಕ್ಸಲ್ ಮೇಲೆ ಉಬ್ಬಿರುವ ಎರಡು ಡಿಫರೆನ್ಷಿಯಲ್ ಗುಂಡುಗಳ ಸುತ್ತ. ಆಮೇಲೆ ನಾಲ್ಕು ಚಕ್ರದ ಮುಂದೂ ಹಿಂದೂ ಇಳಿಜಾರಾಗಿ ಬಿಡಿಸಿ. ಸ್ಟೀರಿಂಗ್ ನೇರ ಮಾಡಿ, ಬಂದ ದಾರಿಯಲ್ಲೇ ಹಿಂದೆ ಬನ್ನಿ. ಮುಂದೆ ಒಂದಡಿ, ಹಿಂದೆ ಒಂದಡಿ ಮೆಲ್ಲಗೆ ತೂಗಿಸುತ್ತಾ ಹೋದರೆ ಹಿಮ ತುಳಿದು ಹಾದಿ ಆಗುತ್ತದೆ. ಚಕ್ರದ ಕೆಳಗೆ ಮರಳು, ಒಲೆಯ ಬೂದಿ, ಗಾಡಿಯ ಮ್ಯಾಟ್, ಏನು ಸಿಕ್ಕರೂ ಹಾಕಿ. ಮ್ಯಾಟ್ ಹಾಕಿದರೆ ಗಾಡಿ ಹಿಂದೆ ಯಾರೂ ನಿಲ್ಲಬಾರದು, ಅದು ಬಾಣದ ಹಾಗೆ ಹಾರಿ ಬರುತ್ತದೆ.

ಫೋರ್ ಬೈ ಫೋರ್ ಹಾಕಿದ್ರೂ ಎರಡೇ ಚಕ್ರ ತಿರುಗ್ತಿದೆ. ಗಾಡಿ ಹಾಳಾಗಿದ್ಯಾ?

ಹಾಳಾಗಿಲ್ಲ. ಒಂದೇ ಆಕ್ಸಲ್‌ನ ಎಡ, ಬಲ ಚಕ್ರಗಳ ನಡುವೆ ಡಿಫರೆನ್ಷಿಯಲ್ ಇರುತ್ತದೆ, ತಿರುವಿನಲ್ಲಿ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ. ಒಂದು ಚಕ್ರ ಜಾರಿದರೆ ತಿರುಗುವುದೆಲ್ಲ ಆ ಜಾರುವ ಚಕ್ರವೇ, ಹಿಡಿತ ಇರುವುದು ಸುಮ್ಮನೆ ನಿಲ್ಲುತ್ತದೆ. ಹಾಗಾಗಿ ಮುಂದೆ ಒಂದು, ಹಿಂದೆ ಒಂದು ಮಾತ್ರ ತಿರುಗುತ್ತವೆ. ಜಿಮ್ನಿಯಂಥ ಗಾಡಿಗಳು ಜಾರುವ ಚಕ್ರಕ್ಕೆ ತಾವೇ ಬ್ರೇಕ್ ಹಾಕಿ ಇನ್ನೊಂದಕ್ಕೆ ಶಕ್ತಿ ಕಳಿಸುತ್ತವೆ. ಅದಕ್ಕೆ ಒಂದೆರಡು ಕ್ಷಣ ಒಂದೇ ಸಮ ಆಕ್ಸಿಲರೇಟರ್ ಬೇಕು. ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಲಾಕ್ ಇದೆ, ಹಾಕಿದರೆ ಎಡ, ಬಲ ಚಕ್ರ ಒಟ್ಟಿಗೇ ತಿರುಗುತ್ತವೆ.

ಲಾಕ್ ಇದ್ದವರಿಗೆ ಒಂದು ಮಾತು: ಕಣಿವೆ ಕಡೆ ಓರೆಯಾಗಿರುವ ಮಂಜುಗಡ್ಡೆ ಮೇಲೆ ಲಾಕ್ ಹಾಕಬೇಡಿ. ಎರಡೂ ಚಕ್ರ ಒಟ್ಟಿಗೆ ಜಾರಿದರೆ ಆ ಆಕ್ಸಲ್ ಪೂರ್ತಿ ಓರೆಯ ಕಡೆಗೆ ಇಳಿಯುತ್ತದೆ. ಒಂದು ಚಕ್ರ ನಿಂತಿದ್ದರೆ ಅದೇ ಲಂಗರು.

ಇನ್ನೊಂದು ಗಾಡಿಯಿಂದ ಎಳೆಸುವಾಗ ಏನು ನೋಡ್ಬೇಕು?

ಹಗ್ಗವನ್ನು ಚಾಸಿಗೆ ಸೇರಿದ ಕೊಕ್ಕೆಗೆ ಮಾತ್ರ ಕಟ್ಟಿ. ಬಂಪರ್‌ಗೆ ಬೇಡ, ಟ್ರೇಲರ್ ಎಳೆಯುವ ಉಂಡೆಯಾಕಾರದ ಕೊಕ್ಕೆಗೂ ಬೇಡ, ಅದು ಮುರಿದರೆ ಗುಂಡಿನ ಹಾಗೆ ಗಾಜು ತೂರಿ ಒಳಗೆ ಬರುತ್ತದೆ. ಹಗ್ಗದ ಮಧ್ಯೆ ಭಾರದ ಕಂಬಳಿ ಹಾಕಿ, ಜನರನ್ನು ದೂರ ಕಳಿಸಿ. ಎಳೆಯುವ ಗಾಡಿಯೂ ಹಿಮದಲ್ಲೇ ನಿಂತಿದೆ ಅನ್ನುವುದು ಮರೆಯಬೇಡಿ, ಮೊದಲು ಅದರ ಚಕ್ರದ ಕೆಳಗೆ ಬಿಡಿಸಿ.

ರಾತ್ರಿ ದಾರಿಯಲ್ಲೇ ಉಳಿದ್ರೆ ಎಂಜಿನ್ ಆನ್ ಇಟ್ಟು ಹೀಟರ್ ಹಾಕಿ ಮಲಗ್ಬಹುದಾ?

ಮಲಗಬೇಡಿ. ಬೀಳುವ ಹಿಮ ಸೈಲೆನ್ಸರ್ ಬಾಯಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಗಾಡಿ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ಮಂಪರು ಬರುತ್ತದೆ, ನಿದ್ದೆ ಅಂದುಕೊಂಡು ಕಣ್ಣು ಮುಚ್ಚಿದವರು ಏಳುವುದಿಲ್ಲ. ಗಂಟೆಗೊಮ್ಮೆ ಒಬ್ಬರು ಇಳಿದು ಸೈಲೆನ್ಸರ್ ಸುತ್ತ ಹಿಮ ತೆಗೆದು, ಗಾಳಿ ಬೀಸದ ಕಡೆಯ ಕಿಟಕಿ ಒಂದಿಂಚು ಇಳಿಸಿ, ಹತ್ತು ನಿಮಿಷ ಎಂಜಿನ್ ಹಾಕಿ ಆಫ್ ಮಾಡಿ. ಒಬ್ಬರು ಎಚ್ಚರ ಇರಲಿ. ಗಾಡಿ ಬಿಟ್ಟು ಕತ್ತಲಲ್ಲಿ ನಡೆದು ಹೋಗಬೇಡಿ. ಕಂಬಳಿ, ಒಣ ಸಾಕ್ಸ್, ಫ್ಲಾಸ್ಕಲ್ಲಿ ಬಿಸಿನೀರು, ಚಿಕ್ಕಿ, ಕಡಲೆ ಇವು ಡಿಕ್ಕಿಯಲ್ಲಿ ಅಲ್ಲ, ಸೀಟಿನ ಹತ್ತಿರ ಇರಬೇಕು. ಡಿಕ್ಕಿ ಬಾಗಿಲು ಹೆಪ್ಪುಗಟ್ಟಿ ತೆರೆಯದಿರಬಹುದು.

ಹಿಮಕುಸಿತದ ಜಾಗ ಅಂತ ಬೋರ್ಡ್ ಇದೆ, ಮುಂದೆ ಗಾಡಿಗಳು ನಿಂತಿವೆ. ನಾನೂ ಹಿಂದೆ ಹೋಗಿ ನಿಲ್ಲಲಾ?

ಬೇಡ. ಬೋರ್ಡಿಗಿಂತ ಹಿಂದೆಯೇ, ಮೇಲೆ ಹಿಮ ತುಂಬಿದ ಇಳಿಜಾರು ಇಲ್ಲದ ಕಡೆ ನಿಲ್ಲಿಸಿ. ಮುಂದಿನವರು ಪೂರ್ತಿ ದಾಟಿದ ಮೇಲೆ ಒಂದೊಂದೇ ಗಾಡಿ ಹೋಗಲಿ. ಜೋರಾಗಿ ಹಿಮ ಬಿದ್ದ ಮೊದಲ ಒಂದೆರಡು ದಿನ, ಆಮೇಲೆ ಒಳ್ಳೆ ಬಿಸಿಲು ಬಂದ ಮಧ್ಯಾಹ್ನ, ಈ ಎರಡು ಹೊತ್ತು ಜಾಸ್ತಿ ಅಪಾಯ. ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ, ಹೊರಡುವ ಬೆಳಿಗ್ಗೆ ಅದನ್ನು ನೋಡಿ. ಉಳಿದುಕೊಂಡ ಮನೆಯವರನ್ನೂ ಕೇಳಿ. ಮೇಲಿನ ಯಾವ ನಾಲಾದಲ್ಲಿ ಯಾವ ಹೊತ್ತಿಗೆ ಹಿಮ ಕುಸಿದು ಇಳಿಯುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಅವರು ಇವತ್ತು ಬೇಡ ಅಂದರೆ ಗಾಡಿ ಕೀಲಿ ಮೊಳೆಗೆ ನೇತುಹಾಕಿ ಒಲೆ ಹತ್ತಿರ ಕೂತುಕೊಳ್ಳಿ.